ಸತ್ತ ನಕ್ಷತ್ರ ತಿರುಗಿಸಿದ್ದು ನಾನು

ಹೋದ ತಿಂಗಳು ಕೆರೆ ಹೂಳು ತುಂಬಿದ ಟ್ರ್ಯಾಕ್ಟರುಗಳು ಶಿಕಾರಿಪುರದ ನಮ್ಮ ಬೀದಿಯಲ್ಲಿ ಮೂರು ದಿನ ಓಡಾಡಿದವು. ಯಾರದೋ ಮೆಕ್ಕೆಜೋಳದ ಹೊಲಕ್ಕೆ ಹೊಡೆಸುತ್ತಿದ್ದರಂತೆ. ಒಂದು ಗಾಡಿ ನಮ್ಮ ಮನೆ ಮುಂದೆ ಎಗರಿ ಎರಡು ಬುಟ್ಟಿಯಷ್ಟು ಕಪ್ಪು ಹೆಂಟೆಯನ್ನು ಬಾಗಿಲಿಗೇ ಸುರಿದು ಹೋಯಿತು. ಬೈದೆ. ಡ್ರೈವರು ತಿರುಗಿಯೂ ನೋಡಲಿಲ್ಲ. ಬಾಚಲು ಬಗ್ಗಿದೆ ನೋಡಿ, ವಾಸನೆ ಮೂಗಿಗೆ ಹೊಡೆಯಿತು. ಕೆರೆ ತಳದ ಮಣ್ಣು, ಕೊಳೆತ ಜೊಂಡು, ಕಪ್ಪೆಚಿಪ್ಪು... ಕುಂಬಾರರ ಮನೆಯಲ್ಲಿ ಹುಟ್ಟಿ ಕುಂಬಾರರ ಮನೆಗೇ ಬಂದವಳಿಗೆ ಇದು ಹೊಸ ವಾಸನೆಯಲ್ಲ. ಆದರೆ ಈಗ ಮಗಳು ಮಣ್ಣನ್ನು ಚೀಲದಲ್ಲಿ ತರಿಸುತ್ತಾಳೆ, ಅದು ಏನೂ ನಾರುವುದಿಲ್ಲ. ಎಷ್ಟೋ ವರ್ಷದ ಮೇಲೆ ಆ ವಾಸನೆ ಸಿಕ್ಕಿದ್ದು. ಹೆಂಟೆ ಹಿಡಿದುಕೊಂಡು ಹಾಗೇ ನಿಂತೆ.

ಒಬ್ಬರ ನೆನಪಾಯಿತು. ಅವರ ಮೇಲೆ ನಾನು ಹಿರಿಯರ ಮುಂದೆ ಸುಳ್ಳು ಹೇಳಿದ್ದೆ. ಆ ಸುಳ್ಳಿನಿಂದ ನನ್ನ ಮನೆ ಉಳಿಯಿತು, ಅವರ ಹೆಸರು ಹೋಯಿತು. ಅದನ್ನು ಸರಿ ಮಾಡದೆ ಇಷ್ಟು ವರ್ಷ ಉಂಡೆ, ಮಲಗಿದೆ, ಮಕ್ಕಳ ಮದುವೆ ಮಾಡಿದೆ. ಅವತ್ತು ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋದೆ, ಹೊರಗೆ ಬಂದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಮಗಳು, “ಏನವ್ವಾ, ಇರುವೆ ಬಿಟ್ಕೊಂಡೋರ ಹಂಗೆ ಮಾಡ್ತೀಯಲ್ಲ” ಅಂದಳು. ಅವಳಿಗೂ ಬೈದೆ.

ಅವರು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಮ್ಮ ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಹೆಂಡತಿ, ಒಬ್ಬಳು ಚಿಕ್ಕ ಮಗಳು ಸೊರಬದಲ್ಲಿ. ಶನಿವಾರ ಮಧ್ಯಾಹ್ನ ಹೋದರೆ ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ಸಣಕಲು ಆಳು. ನಡೆದರೆ ಓಡಿದ ಹಾಗೆ. ಒಲೆ ಮೇಲೆ ಅನ್ನಕ್ಕಿಟ್ಟು ಏನೋ ಓದುತ್ತಾ ಕೂತು ಸೀಯಿಸಿಕೊಳ್ಳುತ್ತಿದ್ದರು. ಸೀದ ವಾಸನೆ ಬಂದಾಗೆಲ್ಲ ನಾನು ಗೋಡೆ ಈಚೆಯಿಂದ, “ಮೇಷ್ಟ್ರೇ, ಅನ್ನ!” ಅಂತ ಕೂಗುತ್ತಿದ್ದೆ. ನಮ್ಮಿಬ್ಬರ ಪರಿಚಯ ಶುರುವಾಗಿದ್ದು ಹಾಗೆ.

ಆಗ ನನ್ನ ಗಂಡ ತೀರಿಕೊಂಡು ಎಂಟು ತಿಂಗಳಾಗಿತ್ತು. ಜ್ವರ ಅಂತ ಮಲಗಿದವರು ವಾರದಲ್ಲಿ ಹೋದರು. ಇಬ್ಬರು ಹೆಣ್ಣುಮಕ್ಕಳು, ಮೂಲೆಯಲ್ಲಿ ಒಂದು ತಿಗರಿ. ತಿಗರಿ ಅಂದರೆ ನಮ್ಮ ಚಕ್ರ. ಕೋಲು ಹಾಕಿ ತಿರುಗಿಸಿ ಬಿಟ್ಟರೆ ಗಡಿಗೆ ಏಳುವಷ್ಟು ಹೊತ್ತು ತಾನೇ ತಿರುಗುತ್ತದೆ. ನಮ್ಮಲ್ಲಿ ಹೆಂಗಸರು ಮಣ್ಣು ತುಳಿಯಬಹುದು, ಗಂಡಸರು ಇಳಿಸಿಕೊಟ್ಟ ಹಸಿ ಗಡಿಗೆಯನ್ನು ಹಲಗೆಯಿಂದ ತಟ್ಟಿ ಹಿಗ್ಗಿಸಬಹುದು, ಸುಡಲು ಆವಿಗೆಗೆ ಜೋಡಿಸಬಹುದು, ಸುಟ್ಟದ್ದನ್ನು ತಲೆ ಮೇಲೆ ಹೊತ್ತು ಸಂತೆಗೆ ಹೋಗಬಹುದು. ತಿಗರಿ ಮಾತ್ರ ಮುಟ್ಟುವ ಹಾಗಿರಲಿಲ್ಲ. ಮುಟ್ಟಿದರೆ ಆ ಮನೆಯ ತಿಗರಿಯನ್ನು ಎತ್ತಿಕೊಂಡು ಹೋಗಿ ಗಂಡಸಿರುವ ಮನೆಯಲ್ಲಿ ಕೂರಿಸುವುದು ಪದ್ಧತಿ. ಗಂಡಸಿರುವ ಮನೆ ಅಂದರೆ ನನ್ನ ಭಾವನವರದು, ಗಂಡನ ಅಣ್ಣ. ಅವರು ಹದಿನೈದು ದಿನಕ್ಕೊಮ್ಮೆ ಬಂದು, ನಮ್ಮ ಕಷ್ಟ ಸುಖ ಕೇಳಿದ ಹಾಗೆ ಮಾಡಿ, ತಿಗರಿಯ ಅಂಚು ಸವರಿ ನೋಡಿ ಹೋಗುತ್ತಿದ್ದರು.

ನಾನು ಅಷ್ಟರಲ್ಲಾಗಲೇ ಮುಟ್ಟಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ಹಾಡುಹಗಲೇ, ಅಗಳಿ ಹಾಕಿಕೊಂಡು, ಸಣ್ಣ ಮಗಳನ್ನು ಕಿಟಕಿಗೆ ಕಾವಲು ಕೂರಿಸಿ ತಿರುಗಿಸುತ್ತಿದ್ದೆ. ಮೊದಮೊದಲು ಮಣ್ಣೆಲ್ಲ ಗೋಡೆಗೆ ಹಾರಿತು. ಆಮೇಲೆ ಹಣತೆ ಬಂತು, ಮುಚ್ಚಳ ಬಂತು. ಹೂಜಿ ಒಂದು ಬಂದುಬಿಟ್ಟರೆ ನನ್ನನ್ನು ಹಿಡಿಯುವವರಿಲ್ಲ ಅಂದುಕೊಂಡಿದ್ದೆ. ತಿಗರಿ ಹೋದರೆ ಏನು? ಕೂಲಿಗೆ ಹೋಗಬೇಕು, ಇಲ್ಲ ಭಾವನ ಮನೆಯಲ್ಲಿ ಮಣ್ಣು ತುಳಿಯಬೇಕು. ಎರಡೂ ನನಗೆ ಬೇಡವಾಗಿತ್ತು.

ಆ ಬೇಸಿಗೆಯ ಕೊನೆಗೆ ಸೆಕೆ ಅಂದರೆ ಸೆಕೆ. ಕತ್ತಲಾದರೆ ಇಡೀ ಬೀದಿ ಹೊರಗೆ ಕೂರುತ್ತಿತ್ತು. ಮೇಷ್ಟ್ರು ದುರ್ಬೀನು ಹಿಡಿದು ದಕ್ಷಿಣದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಒಂದು ದಿನ ನನ್ನ ಕೈಗೂ ಕೊಟ್ಟರು.

“ಅಕ್ಕಾ, ಏನ್ ಕಾಣುತ್ತೆ?”

“ಎಂಜಲು ಹತ್ತಿದಂಗೆ ಕಾಣ್ತದೆ. ಗಾಜು ಒರೆಸ್ರಿ.”

ಅವರು ಜೋರಾಗಿ ನಕ್ಕರು. ಅದು ಗಾಜಿನ ಕೊಳೆಯಲ್ಲವಂತೆ. ಲಕ್ಷಗಟ್ಟಲೆ ನಕ್ಷತ್ರ ಒಂದೇ ಕಡೆ ಒತ್ತಿಕೊಂಡು ರಾಶಿಯಾಗಿವೆಯಂತೆ. ಬರಿಗಣ್ಣಿಗೆ ಒಂದು ಚುಕ್ಕೆ, ಅಷ್ಟೇ.

“ಯಾರು ತಂದು ರಾಶಿ ಹಾಕಿದ್ರು?” ಅಂದೆ. ಸುಮ್ಮನೆ ಅಂದಿದ್ದು.

“ಅದೇ ಅಕ್ಕಾ ಪ್ರಶ್ನೆ! ಅದೇ!” ಅಂತ ಅವರು ಚಪ್ಪಲಿ ಬಿಟ್ಟ ಕಾಲಲ್ಲೇ ಬೀದಿಯಲ್ಲಿ ಆ ಕಡೆ ಈ ಕಡೆ ಓಡಾಡತೊಡಗಿದರು. ಇಂಥ ರಾಶಿಗಳು ಆಕಾಶದಲ್ಲಿ ಎಷ್ಟೋ ಇವೆಯಂತೆ. ಬಹಳ ಹಿಂದೆ, ಸೂರ್ಯನೂ ಹುಟ್ಟುವ ಮೊದಲು, ದೊಡ್ಡ ದೊಡ್ಡ ಅನಿಲದ ಮೋಡ ಒತ್ತಿಹೋಗಿ, ಒಂದೊಂದು ಮೋಡದಿಂದ ಒಂದೊಂದು ರಾಶಿ ಒಟ್ಟಿಗೇ ಹುಟ್ಟಿರಬೇಕು ಅಂದರು. ಒಂದೇ ಆವಿಗೆಯಲ್ಲಿ ಬೆಂದ ಗಡಿಗೆಗಳ ಹಾಗೆ ಅಂತ ನನಗಾಗಿ ಸೇರಿಸಿದರು.

“ಆದ್ರೆ ಈ ರಾಶಿ ಹಂಗಲ್ಲ ಅಕ್ಕಾ. ಇದರಲ್ಲಿ ಎರಡು ಮೂರು ಆವಿಗೆಯವು ಕಲೆತಿವೆ.”

“ಹೆಂಗ್ ಗೊತ್ತಾಯ್ತು? ಬಣ್ಣ ನೋಡಿನಾ?”

ಅವರು ನಿಂತುಬಿಟ್ಟರು. ಬಣ್ಣ ನೋಡಿಯೇ ಅಂತೆ. ಬೆಳಕನ್ನು ಬಿಡಿಸಿ ನೋಡಿದರೆ ಒಂದೊಂದರಲ್ಲಿ ಏನೇನು ಬೆರೆತಿದೆ ಅಂತ ತಿಳಿಯುತ್ತದಂತೆ. ನಾನೇನು ಜಾಣತನದಿಂದ ಕೇಳಿದ್ದಲ್ಲ, ಬೇರೆ ಆವಿಗೆಯ ಗಡಿಗೆ ಸೇರಿಸಿಕೊಂಡು ಮಾರುವವರನ್ನು ನಾವು ಹಾಗೇ ಹಿಡಿಯುತ್ತಿದ್ದೆವು. ಅದಕ್ಕೇ ಕೆಲವರ ಅನುಮಾನ ಏನಂದರೆ, ಈ ರಾಶಿ ಇಲ್ಲಿಯದೇ ಅಲ್ಲ. ಹಿಂದೆ ಅದು ಬೇರೆಯೇ ಒಂದು ದೊಡ್ಡ ನಕ್ಷತ್ರಗಳ ಸಂಸಾರದ, ಗ್ಯಾಲಕ್ಸಿ ಅಂತಾರಂತೆ, ಅದರ ನಡುಭಾಗವಾಗಿತ್ತು. ನಾವಿರುವ ನಕ್ಷತ್ರಗಳ ಸಂಸಾರ ಅದನ್ನು ಎಳೆದುಕೊಂಡು ನುಂಗಿತು. ಮಾವಿನಹಣ್ಣು ತಿಂದು ಗೊರಟೆ ಉಳಿದ ಹಾಗೆ ಇಷ್ಟು ಉಳಿದಿದೆ.

ಆಮೇಲೆ ಪಲ್ಸಾರ್ ವಿಷಯ. ದೊಡ್ಡ ನಕ್ಷತ್ರ ಸತ್ತರೆ ಒಳಗಿನ ತಿರುಳು ಕುಗ್ಗಿ ಕುಗ್ಗಿ ಇಲ್ಲಿಂದ ಶಿರಾಳಕೊಪ್ಪದಷ್ಟು ಅಗಲದ ಗುಂಡಾಗುತ್ತದಂತೆ. ಆ ಗುಂಡೇ ಪಲ್ಸಾರ್, ಗಿರಗಿರ ತಿರುಗುತ್ತದೆ. ತಿರುಗಿದಾಗೊಮ್ಮೆ ನಮ್ಮ ಕಡೆ ಒಂದು ಮಿಡಿತ ಬರುತ್ತದೆ, ಅದನ್ನು ದೊಡ್ಡ ದೊಡ್ಡ ಆಂಟೆನಾ ಇಟ್ಟು ಹಿಡಿಯುತ್ತಾರೆ. ಒಂಟಿಯಾಗಿದ್ದರೆ ತಿರುಗಿ ತಿರುಗಿ ನಿಧಾನವಾಗಿ ಸುಮ್ಮನಾಗುತ್ತದೆ. ಆದರೆ ರಾಶಿಯೊಳಗೆ ನೂಕುನುಗ್ಗಲು. ಅಲ್ಲಿ ಸತ್ತದ್ದಕ್ಕೂ ಜೊತೆ ಸಿಗುತ್ತದೆ, ಇಲ್ಲವೇ ಇನ್ನೊಬ್ಬರ ಜೊತೆಯನ್ನೇ ಕಿತ್ತುಕೊಳ್ಳುತ್ತದೆ. ಜೊತೆಯ ನಕ್ಷತ್ರದ ಮೈಯನ್ನು ಎಳೆದು ಎಳೆದು ತನ್ನ ಮೇಲೆ ಹಾಕಿಕೊಂಡು ಮತ್ತೆ ಜೋರಾಗುತ್ತದೆ. ಒಂದು ಸೆಕೆಂಡಿಗೆ ನೂರಾರು ಸುತ್ತು. ಬೇರೆ ರಾಶಿಗಳಲ್ಲಿ ಅಂಥವು ಎಷ್ಟೋ ಸಿಕ್ಕಿವೆ, ಇದರಲ್ಲಿ ಇನ್ನೂ ಸಿಕ್ಕಿಲ್ಲ, ಇರಲೇಬೇಕು ಅಂತ ಮೇಷ್ಟ್ರು ಹೇಳುತ್ತಿದ್ದರು. ಇರಲೇಬೇಕು ಅನ್ನುವಾಗ ಅವರ ದನಿ, ಮನೆಗೆ ಬಾರದ ಮಗುವಿನ ದಾರಿ ಕಾಯುವವರ ಹಾಗಿರುತ್ತಿತ್ತು.

“ಅಂದ್ರೆ ಸತ್ತೋನು ಪಕ್ಕದೋನ್ನ ತಿಂದು ತಿರುಗ್ತಾನೆ ಅನ್ನಿ.”

“ಹೆಚ್ಚೂಕಮ್ಮಿ ಹಂಗೇ.”

“ನಮ್ಮ ಭಾವನೋರು ಬದುಕಿದ್ದಾಗಲೇ ಹಂಗೆ ಮಾಡ್ತಾರೆ ಬಿಡ್ರಿ.”

ಆಚೆ ಜಗುಲಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಮಾತು ಭಾವನ ಕಿವಿಗೆ ಮುಟ್ಟಿರಬೇಕು.

ಸ್ಕೂಲು ಶುರುವಾದ ಮೇಲೆ ಮೇಷ್ಟ್ರಿಗೆ ಇದನ್ನು ಮಕ್ಕಳಿಗೆ ತೋರಿಸುವ ಹುಚ್ಚು ಹತ್ತಿತು. ತಿಗರಿಯೇ ಸತ್ತ ನಕ್ಷತ್ರ, ಮೇಲೆ ಹಾಕುವ ಮಣ್ಣೇ ಜೊತೆಯ ನಕ್ಷತ್ರದ ಮೈ. ನಿಮ್ಮ ಭಾವನವರನ್ನು ಒಂದು ಗಂಟೆ ಕರೆಸಿ ಅಂದರು. ನಾನು ಹೇಳಿ ಕಳಿಸಿದೆ. “ನಾನೇನು ಸರ್ಕಸ್ಸಿನೋನಾ?” ಅಂತ ಉತ್ತರ ಬಂತು.

“ಹೋಗ್ಲಿ ಬಿಡಿ, ನಾನೇ ತಿರುಗಿಸ್ತೀನಿ” ಅಂದೆ.

“ಬೇಡ ಅಕ್ಕಾ. ನಿಮ್ಮಲ್ಲಿ ಹೆಂಗಸರು ಮುಟ್ಟಬಾರದು ಅಂತ ನೀವೇ ಹೇಳಿದ್ರಿ.”

“ಸ್ಕೂಲಂದ್ರೆ ಬೇರೆ ರೀ. ಮಕ್ಕಳ ವಿದ್ಯೆಗೆ ಅಂದ್ರೆ ಯಾರೂ ಸೊಲ್ಲೆತ್ತಲ್ಲ.”

ಅವರು ಮತ್ತೆ ಬೇಡ ಅಂದರು. ಮಾರನೇ ದಿನ ನಾನೇ ಹೋಗಿ ಕೇಳಿದೆ, ಆಗಲೂ ಬೇಡ ಅಂದರು. ನನ್ನ ಲೆಕ್ಕ ಬೇರೆ ಇತ್ತು. ನಾಲ್ಕು ಜನರ ಎದುರು, ಸ್ಕೂಲಿನ ಹೆಸರಲ್ಲಿ ಒಂದು ಸಲ ಮುಟ್ಟಿಬಿಟ್ಟರೆ ಆಮೇಲೆ ಅಗಳಿ ಹಾಕುವುದು ಬೇಕಾಗುವುದಿಲ್ಲ. ಮೂರನೇ ದಿನ ತಿಗರಿಯನ್ನು ಗೋಣಿಯಲ್ಲಿ ಸುತ್ತಿ, ಕೈಗಾಡಿ ತರಿಸಿ, ಅವರ ಬಾಗಿಲಿಗೆ ನಿಲ್ಲಿಸಿದೆ. ಇನ್ನೇನು ಮಾಡುತ್ತಾರೆ? ತಳ್ಳಿಕೊಂಡು ಬಂದರು.

ಸ್ಕೂಲಿನ ಅಂಗಳದಲ್ಲಿ ಗೂಟ ಹುಗಿದು ತಿಗರಿ ಕೂರಿಸಿದೆ. ಸುತ್ತ ಮಕ್ಕಳು, ಹೆಡ್ಮಾಸ್ಟರು ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ. ಕೋಲು ಹಾಕಿ ತಿರುಗಿಸಿ ಬಿಟ್ಟೆ. ಅದು ನಿಧಾನವಾಗುತ್ತಿದ್ದ ಹಾಗೆ ಮೇಷ್ಟ್ರು, “ನೋಡಿ, ಒಂಟಿ ನಕ್ಷತ್ರ ಸುಸ್ತಾಗ್ತಾ ಇದೆ. ಈಗ ಇದಕ್ಕೆ ಜೊತೆ ಸಿಕ್ತು!” ಅಂತ ದೊಡ್ಡ ಮುದ್ದೆ ಮಣ್ಣೆತ್ತಿ ತಿಗರಿಯ ನಡುವಿಗೆ ಧೊಪ್ಪನೆ ಹಾಕಿದರು.

ತಿಗರಿ ಜೋರಾಗಲಿಲ್ಲ. ವಾಲಾಡಿ ಇನ್ನೂ ನಿಧಾನವಾಯಿತು. ಇನ್ನೊಂದು ಮುದ್ದೆ ಹಾಕಿದರು. ಅದು ಓರೆಗೆ ಬಿದ್ದು ಸಿಡಿದು ಹೆಡ್ಮಾಸ್ಟರ ಅಂಗಿಗೆ ಹೋಯಿತು. ತಿಗರಿ ನಿಂತೇಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಕೆರೆ ಮಣ್ಣು ಹತ್ತಿದ ಕೈ ನೋಡಿಕೊಳ್ಳುತ್ತಾ ನಿಂತರು. ಅಷ್ಟು ಪುಸ್ತಕ ಓದಿದ ಮನುಷ್ಯ...

“ಮೇಷ್ಟ್ರೇ, ಮೇಲಿಂದ ಹಾಕಿದ್ರೆ ಭಾರ ಆಗ್ತದೆ, ಓಟ ಬರಲ್ಲ. ಕೋಲು ನಾವು ನಡುವಿಗೆ ಹಾಕ್ತೀವಾ? ಅಂಚಿಗೆ ಹಾಕ್ತೀವಿ. ಮಣ್ಣೂ ಹಂಗೇ. ಅಂಚಿಗೆ, ತಿರುಗೋ ಕಡೆಗೇ ಬೀಸಿ ಹೊಡೀರಿ.”

ಅವರ ಮುಖ ನೋಡಬೇಕಿತ್ತು. “ಸುತ್ತುತ್ತಾ ಬಂದು ಬೀಳೋದು! ಅದು ನೆಟ್ಟಗೆ ಬೀಳಲ್ಲ, ಸುತ್ತುತ್ತಾ ಬೀಳುತ್ತೆ!” ಅಂತ ಕೂಗಿದರು. ಜೊತೆಯ ನಕ್ಷತ್ರದ ಮೈ ಹರಿದು ಬರುವುದೂ ಹಾಗೇ ಅಂತೆ, ತಿರುಗುತ್ತಾ ಬಂದು ಅಂಚಿಗೆ ಸೇರುತ್ತದಂತೆ. ಗೊತ್ತಿದ್ದೂ ಕೈಯಲ್ಲಿ ಮಣ್ಣು ಹಿಡಿದಾಗ ಮರೆತಿದ್ದರು. ನಾನು ತಿಗರಿಯನ್ನು ಮೆಲ್ಲಗೆ ಬಿಟ್ಟೆ. ಮಕ್ಕಳು ಸಾಲಾಗಿ ನಿಂತು ಲಿಂಬೆಹಣ್ಣಿನಷ್ಟು ಉಂಡೆ ಮಾಡಿ, ಅಂಚಿಗೆ ಬೀಸಿ ಬೀಸಿ ಹೊಡೆದರು. ಒಂದೊಂದು ಉಂಡೆ ಅಂಟಿಕೊಂಡಾಗಲೂ ತಿಗರಿ ಒಂದಿಷ್ಟು ಜೋರಾಯಿತು. ನಿಲ್ಲಬೇಕಾಗಿದ್ದದ್ದು ಮತ್ತೆ ಓಡಿತು. ಹೆಡ್ಮಾಸ್ಟರೂ ಎದ್ದು ಬಂದು ಒಂದು ಹೊಡೆದರು. ಮೇಷ್ಟ್ರು ಕುಣಿಯುವುದೊಂದು ಬಾಕಿ.

ಎರಡು ದಿನಕ್ಕೆ ಭಾವ ಕುಲದ ಹಿರಿಯರನ್ನು ಕರೆದುಕೊಂಡು ಬಂದರು. ಜಗುಲಿ ತುಂಬ ಜನ.

“ಏನವ್ವಾ, ತಿಗರಿ ಮುಟ್ಟಿದ್ದು ಖರೇನಾ?”

“ಖರೆ.”

“ಮುಟ್ಟಿದ್ದಷ್ಟೇ ಅಲ್ರೀ, ಗಂಡ ಸತ್ತು ವರ್ಷ ತುಂಬಿಲ್ಲ, ಮೈದಾನದಾಗೆ ಕೂತು ಕುಣಿಸ್ಯಾಳೆ” ಅಂದರು ಭಾವ. ಆಗಲೇ ಹಗ್ಗ ತಂದಿದ್ದರು, ತಿಗರಿ ಕಟ್ಟಿಕೊಂಡು ಹೋಗಲು.

ಹಿರಿಯರು ಕೇಳಿದರು: “ನೀನಾಗೇ ಮುಟ್ಟಿದ್ಯಾ, ಯಾರಾದ್ರೂ ಮುಟ್ಟಿಸಿದ್ರಾ?”

ಆ ಪ್ರಶ್ನೆಯಲ್ಲಿ ಒಂದು ಬಾಗಿಲಿತ್ತು. ನನಗೆ ಕಂಡಿತು, ಹೊಕ್ಕೆ.

“ಮೇಷ್ಟ್ರು ಮುಟ್ಟಿಸಿದ್ರು. ಸರ್ಕಾರದ ಕೆಲಸ, ಬರಲೇಬೇಕು ಅಂದ್ರು. ನಾನು ಬ್ಯಾಡ ಅಂದೆ, ಕೇಳ್ಲಿಲ್ಲ. ಓದು ಬರಹ ಇಲ್ಲದೋಳು, ನಂಗೇನ್ ಗೊತ್ತು?”

ಅವರನ್ನು ಕರೆಸಿದರು. ಮೆಟ್ಟಿಲ ಕೆಳಗೆ ನಿಂತುಕೊಂಡರು. ನಾನು ಹೇಳಿದ್ದನ್ನು ಅವರಿಗೆ ಒಪ್ಪಿಸಿದರು. ಮೇಷ್ಟ್ರು ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಭಾವನ ಕೈಯ ಹಗ್ಗ ನೋಡಿದರು.

“ಹೌದು. ತಪ್ಪು ನನ್ನದು. ನಾನೇ ಬಲವಂತ ಮಾಡಿದೆ.”

ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಭಾವ, “ಹಂಗೆ ಬಲವಂತ ಮಾಡೋ ಸಲಿಗೆ ಎಲ್ಲಿಂದ ಬಂತು ರೀ ಮೇಷ್ಟ್ರೇ? ಗಂಡಸಿಲ್ಲದ ಮನೆ ಅಂತನಾ?” ಅಂದರು. ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಬಾಯಿಬಿಟ್ಟರೆ ತಿಗರಿ ಹೋಗುತ್ತಿತ್ತು.

ತಿಗರಿ ತೊಳೆದು ಪೂಜೆ ಮಾಡಿ ನಮ್ಮಲ್ಲೇ ಬಿಟ್ಟರು. ಮಾತು ಮಾತ್ರ ಬೀದಿಯಿಂದ ಬೀದಿಗೆ ಹೋಯಿತು, ಬಸ್ಸು ಹತ್ತಿ ಸೊರಬಕ್ಕೂ ಹೋಯಿತು. ಕೋಣೆಯ ಮಾಲೀಕರು ಖಾಲಿ ಮಾಡಿ ಅಂದರು. ಮೇಷ್ಟ್ರು ಸೊರಬದ ಕಡೆಗೆ ವರ್ಗ ಮಾಡಿಸಿಕೊಂಡರು. ಅವರು ಟ್ರಂಕು ಹೊತ್ತುಕೊಂಡು ಹೋಗುವಾಗ ನಾನು ಹೊರಗೆ ಕೂತು ಗಡಿಗೆ ತಟ್ಟುತ್ತಿದ್ದೆ. ತಲೆ ಎತ್ತಲಿಲ್ಲ. “ಬರ್ತೀನಿ ಅಕ್ಕಾ” ಅಂದರು. ಹಲಗೆಯ ಸದ್ದು ನಿಲ್ಲಿಸಲಿಲ್ಲ...

ಹೂಜಿ ಬಂತು. ಅಗಳಿ ಹಾಕಿಕೊಂಡು ಎರಡು ವರ್ಷ ತಿರುಗಿಸಿದೆ, ಆಮೇಲೆ ಅಗಳಿ ತೆಗೆದು ತಿರುಗಿಸಿದೆ. ಬೀದಿಯ ಗಂಡಸರೆಲ್ಲ ತಿಗರಿ ಬಿಟ್ಟು ಹೊಲಕ್ಕೆ ಬಿದ್ದಿದ್ದರು, ಕೇಳುವವರು ಯಾರೂ ಉಳಿದಿರಲಿಲ್ಲ. ಭಾವನೂ ತೀರಿಕೊಂಡರು. ಈಗ ಮಗಳು ಕರೆಂಟಿನ ತಿಗರಿ ಇಟ್ಟಿದ್ದಾಳೆ. ನನ್ನದೇನೂ ಕೆಟ್ಟಿಲ್ಲ.

ಹೂಳಿನ ಟ್ರ್ಯಾಕ್ಟರು ಹೋದ ಮಾರನೇ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಹಿಡಿದೆ. ಸೀಟು ಸಿಕ್ಕಿತು, ಕೂರಲಾಗಲಿಲ್ಲ, ಕಂಡಕ್ಟರು, “ಅಜ್ಜಿ, ಕೂತ್ಕೊಳ್ಳಿ, ಬಿದ್ದೀರ” ಅಂದರೂ ಕಂಬಿ ಹಿಡಿದು ನಿಂತೇ ಹೋದೆ. ಸೊರಬದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಿಜ್ಞಾನದ ಮೇಷ್ಟ್ರ ಮನೆ ಕೇಳಿದೆ. “ನಕ್ಷತ್ರ ನೋಡ್ತಿದ್ರಲ್ಲ, ಅವ್ರಾ? ತೀರ್ಕೊಂಡು ಎರಡು ವರ್ಷ ಆಯ್ತಲ್ಲ ಅಜ್ಜಿ” ಅಂದರು. ಅಲ್ಲಿಂದಲೇ ವಾಪಸು ಬರಬಹುದಿತ್ತು. ಮನೆ ಎಲ್ಲಿ ಹೇಳ್ರಿ ಅಂದೆ.

ಅವರ ಹೆಂಡತಿ ಬಾಗಿಲು ತೆಗೆದರು. ನನ್ನಷ್ಟೇ ವಯಸ್ಸು. ಶಿಕಾರಿಪುರದ ಕುಂಬಾರ ಬೀದಿ ಅಂದದ್ದೇ ತಡ, ಮುಖ ಕಲ್ಲಾಯಿತು. ಆದರೂ ಮಣೆ ಹಾಕಿದರು, ಮಜ್ಜಿಗೆ ಕೊಟ್ಟರು. ನಾನು ಮಜ್ಜಿಗೆ ಮುಟ್ಟದೆ ಎಲ್ಲ ಹೇಳಿದೆ. ತಿಗರಿ ತಿರುಗಿಸುತ್ತೇನೆ ಅಂದದ್ದು ನಾನು, ಮೇಷ್ಟ್ರಲ್ಲ. ಬೇಡ ಅಂದದ್ದು ಅವರು, ನಾನಲ್ಲ. ಜನ ಆಡಿದ್ದು ಯಾವುದೂ ಇರಲಿಲ್ಲ.

ಅವರ ಹೆಂಡತಿ ಮಜ್ಜಿಗೆ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ, “ತಪ್ಪು ನನ್ನದು ಅಂತ ಅವ್ರು ಒಂದೇ ಮಾತು ಹೇಳಿದ್ರು. ಏನು ತಪ್ಪು ಅಂತ ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ಊರವ್ರು ಹೇಳಿದ್ದೇ ಇರ್ಬೇಕು ಅಂದ್ಕೊಂಡೆ” ಅಂದರು.

“ಎಷ್ಟು ದಿವಸ?”

“ಅವ್ರು ಹೋಗೋವರೆಗೂ. ಒಂದೇ ಮನೇಲಿದ್ವಿ, ಊಟಕ್ಕೆ ಬಡಿಸಿದೆ. ಮುಖ ಕೊಟ್ಟು ಮಾತಾಡ್ಲಿಲ್ಲ. ಒಂದಿನ ಪೇಪರ್ ಹಿಡ್ಕೊಂಡು ಒಳಗೆ ಓಡಿ ಬಂದ್ರು, ಆ ರಾಶೀಲಿ ಪಲ್ಸಾರ್ ಸಿಕ್ತು ಅಂತ. ನಾನು ಒಲೆ ಮುಂದೆ ಇದ್ದೆ, ತಿರುಗಿ ನೋಡ್ಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ರು. ಆಮೇಲೆ ಪೇಪರ್ ಮಡಚಿಕೊಂಡು ಹೋದ್ರು.” ಸೆರಗಿನಿಂದ ಮೂಗು ಒರೆಸಿಕೊಂಡು, “ಈಗ ಬಂದು ಹೇಳ್ತೀರಲ್ಲ, ನಾನು ಯಾರ ಹತ್ರ ಹೋಗಿ ಏನಂತ ಹೇಳ್ಲಿ?” ಅಂದರು.

ಹೊರಡಲು ಎದ್ದೆ. ಬಾಗಿಲ ತನಕ ಬಂದು, “ಬಾಯಲ್ಲಿ ಹೇಳಿದ್ದು ಸಾಲ್ದು. ಬರೆದು ಕಳಿಸಿ. ನಮ್ಮ ಹುಡುಗಿನೂ ಅಪ್ಪನ್ನ ಹಂಗೇ ನೋಡಿದ್ಲು. ಅವಳು ಓದ್ಲಿ” ಅಂದರು.

ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ನಾಲ್ಕು ದಿನ ಕೂತು ಬರೆದು ಕಳಿಸಿದೆ. ಅದು ಅವರ ಮನೆಗೆ. ಮಾತು ಊರೆಲ್ಲ ತಿರುಗಿತ್ತು, ಹಾಗಾಗಿ ಊರು ಓದಲಿ ಅಂತ ಇದನ್ನೂ ಬರೆದೆ.

ಮೊನ್ನೆ ಮೇಷ್ಟ್ರ ಮಗಳು ಫೋನು ಮಾಡಿದ್ದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. “ಅಪ್ಪ ಆ ನಕ್ಷತ್ರದ ಬಗ್ಗೆ ನಿಮಗೆ ಏನೇನ್ ಹೇಳಿದ್ರು, ಅಷ್ಟೂ ಹೇಳಿ. ನನಗೆ ಹೇಳೋಕೆ ಬಂದಾಗೆಲ್ಲ ನಾನು ಎದ್ದು ಹೋಗ್ತಿದ್ದೆ” ಅಂದಳು. ಅಂಗಳದಲ್ಲಿ ಓಡಾಡುತ್ತಲೇ ನೆನಪಿದ್ದಷ್ಟು ಹೇಳಿದೆ. ರಾಶಿ ಹೆಂಗೆ ಬಂತು, ಸತ್ತದ್ದು ಹೆಂಗೆ ಮತ್ತೆ ತಿರುಗಿತು, ಎಲ್ಲ. ಅವಳು ಹೂಂ ಹೂಂ ಅಂತ ಕೇಳಿಸಿಕೊಂಡಳು. ಕೊನೆಗೆ ಒಂದು ಮಾತು ಕೇಳಿದಳು.

“ಆ ಜೊತೆಯ ನಕ್ಷತ್ರ? ತನ್ನ ಮೈಯೆಲ್ಲಾ ಕೊಟ್ಟ ಮೇಲೆ ಅದು ಏನಾಗುತ್ತೆ ಅಂತ ಹೇಳಿದ್ರು?”

ಓಡಾಡುತ್ತಿದ್ದವಳು ನಿಂತೆ.

“ಅದನ್ನ ನಾನು ಕೇಳಲೇ ಇಲ್ಲವ್ವಾ” ಅಂದೆ.